ಹದಿನಾಲ್ಕು ಗೆರೆ

ಡಾಕ್ಟರು ತೀರಿಕೊಂಡ ಹನ್ನೆರಡನೆಯ ದಿನ ಚಿತ್ರದುರ್ಗದ ಹಲ್ಲಿನ ವೈದ್ಯರೆಲ್ಲ ಸೇರಿ ಒಂದು ಸಂತಾಪ ಸಭೆ ನಡೆಸಿದರು. ಹತ್ತೂವರೆಗೆ ಎಂದು ತಿಳಿಸಿ ಹನ್ನೊಂದೂ ಇಪ್ಪತ್ತಕ್ಕೆ ಶುರು ಮಾಡಿದರು. ಎಲ್ಲರಿಗಿಂತ ಹೆಚ್ಚು ಹೊತ್ತು ಮಾತಾಡಿದವನು, ಹೊಸದುರ್ಗದಲ್ಲಿ ನಮ್ಮ ಡಾಕ್ಟರ ಕೊಠಡಿಯ ಎದುರಿಗೇ ಕ್ಲಿನಿಕ್ ತೆರೆದು, ‘ಆರೇ ತಿಂಗಳಲ್ಲಿ ಸಾಲು ಹಲ್ಲು’ ಎಂದು ಬೋರ್ಡು ಬರೆಸಿ, ನಮ್ಮಲ್ಲಿಗೆ ಬರುತ್ತಿದ್ದ ಮಕ್ಕಳನ್ನೆಲ್ಲ ಎಳೆದುಕೊಂಡ ಮನುಷ್ಯ. ‘ಅವರು ನನಗೆ ಗುರುಸಮಾನರು’ ಎಂದ. ಕರವಸ್ತ್ರದಿಂದ ಕಣ್ಣು ಒರೆಸಿಕೊಂಡ. ಜನ ತಲೆದೂಗಿದರು.

ನನಗೆ ಐದು ನಿಮಿಷ ಕೊಟ್ಟಿದ್ದರು. ನಾಲ್ಕರಲ್ಲಿ ಮುಗಿಸಿದೆ. ಹೇಳಲೇಬೇಕಾದ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಹೇಳಿದೆ. ಬಿಟ್ಟದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಡಾಕ್ಟರಲ್ಲ. ಸೈನ್ಯದ ಹಲ್ಲಿನ ಆಸ್ಪತ್ರೆಯಲ್ಲಿ ಹದಿನೇಳು ವರ್ಷ ಸಹಾಯಕನಾಗಿದ್ದು ಹವಾಲ್ದಾರನಾಗಿ ನಿವೃತ್ತನಾದವನು. ಅಲ್ಲಿ ಇಕ್ಕಳ ಇಡುವ ಜಾಗ ಎಂದರೆ ಇಕ್ಕಳ ಇಡುವ ಜಾಗ. ಕತ್ತಲಲ್ಲಿ ಕೈ ಹಾಕಿದರೂ ಅಲ್ಲೇ ಸಿಗಬೇಕು. ಊರಿಗೆ ಬಂದ ಮೇಲೆ ಕೆಲಸ ಹುಡುಕುತ್ತ ಚಿತ್ರದುರ್ಗದಲ್ಲಿ ಇವರ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಮೇಜಿನ ಕೆಳಗೆ ಮಂಡಿಯೂರಿ ಏನೋ ಹುಡುಕುತ್ತಿದ್ದರು. ತಲೆ ಎತ್ತದೆ ಕೇಳಿದರು: ‘ಯಾರು? ಒಂದು ಸಣ್ಣ ಕನ್ನಡಿ ಬಿದ್ದೈತೆ, ನೋಡ್ರಿ ಸ್ವಲ್ಪ.’

ಕನ್ನಡಿ ಅವರ ಅಂಗಿಯ ಜೇಬಿನಲ್ಲೇ ಇತ್ತು. ಅದೇ ನನ್ನ ಸಂದರ್ಶನ. ಅವತ್ತಿನಿಂದ ನಾನು ‘ಹವಾಲ್ದಾರ್ರು’.

ವಕ್ರ ಹಲ್ಲು ಸರಿಪಡಿಸುವುದಕ್ಕೆ ಪ್ರತ್ಯೇಕವಾಗಿ ಓದಿ ಬಂದವರು ಆಗ ಈ ಕಡೆ ಅವರೊಬ್ಬರೇ. ಮಂಗಳವಾರ ಹಿರಿಯೂರು, ಬುಧವಾರ ಹೊಸದುರ್ಗ, ಗುರುವಾರ ಹೊಳಲ್ಕೆರೆ, ಮಿಕ್ಕ ದಿನ ದುರ್ಗ. ಮೂರು ಊರಲ್ಲೂ ಯಾವುದೋ ಔಷಧಿ ಅಂಗಡಿಯ ಹಿಂದೆಯೋ ಮೇಲೆಯೋ ಒಂದು ಕೊಠಡಿ, ಒಂದು ಕುರ್ಚಿ. ಬಸ್ಸಿನಲ್ಲಿ ಹೋಗುತ್ತಿದ್ದೆವು. ಚೀಲ ನನ್ನದು, ಶೇಂಗಾ ಅವರದು. ಶೇಂಗಾ ಬೆಳೆಯುವ ಆದಿವಾಲದ ಕಡೆಯವರು, ಬೇಯಿಸಿದ ಶೇಂಗಾ ಇಲ್ಲದೆ ಪ್ರಯಾಣ ಮಾಡುತ್ತಿರಲಿಲ್ಲ. ಸಿಪ್ಪೆಯನ್ನು ಅಂಗಿಯ ಜೇಬಿಗೇ ತುಂಬಿಕೊಳ್ಳುತ್ತಿದ್ದರು. ಅದೇ ಜೇಬಿಗೆ ಕನ್ನಡಿಯನ್ನೂ ಹಾಕುತ್ತಿದ್ದರು. ನಾನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ಬಸ್ಸಿನಲ್ಲಿ ಅವರು ಜನರ ಮುಖವನ್ನು ಪಕ್ಕದಿಂದ ನೋಡುತ್ತಿದ್ದರು. ಬಿಟ್ಟ ಕಣ್ಣು ಬಿಟ್ಟ ಹಾಗೆ. ಒಮ್ಮೆ ಹೊಳಲ್ಕೆರೆ ಬಸ್ಸಿನಲ್ಲಿ ಒಬ್ಬ ಅಜ್ಜಿ ಬೈದೇಬಿಟ್ಟಳು: ‘ಏನಪ್ಪ, ನನ್ನ ಮಖದಾಗೆ ಏನು ಬರ್ದೈತೆ?’

‘ಅಜ್ಜಿ, ನಿನ್ನ ದವಡೆ ಎಷ್ಟು ಚೆಂದ ಐತೆ ಗೊತ್ತಾ? ನೆಲಕ್ಕೆ ಗೆರೆ ಎಳ್ದಂಗೈತೆ.’

‘ಹಲ್ಲೆಲ್ಲ ಉದುರಿದ ಮ್ಯಾಲೆ ಹೇಳಾಕ್ ಬಂದ್ಯಾ? ಐವತ್ತು ವರ್ಷದ ಹಿಂದೆ ಎಲ್ಲಿದ್ದೆ?’

ಇಡೀ ಬಸ್ಸು ನಕ್ಕಿತು. ಡಾಕ್ಟರು ಶೇಂಗಾ ಪೊಟ್ಟಣವನ್ನೇ ಅಜ್ಜಿಗೆ ಕೊಟ್ಟರು.

ಆ ‘ಗೆರೆ’ಯೇ ಅವರ ಇಡೀ ವಿದ್ಯೆ. ಮಗುವನ್ನು ಕಿಟಕಿಯ ಬೆಳಕಿಗೆ ಪಕ್ಕವಾಗಿ ನಿಲ್ಲಿಸಿ, ಬಾಯಿ ನೋಡುವ ಕನ್ನಡಿಯ ಹಿಡಿಯನ್ನು ಕೆಳದವಡೆಯ ಅಂಚಿಗೆ ಒತ್ತಿ ಹಿಡಿಯುತ್ತಿದ್ದರು. ಹಿಡಿ ಹೆಚ್ಚು ಕಡಿಮೆ ನೆಲಕ್ಕೆ ಸಮನಾಗಿದ್ದರೆ ಮುಖ ಮುಂದಕ್ಕೆ ಬೆಳೆಯುವ ಮಗು. ಹಿಡಿ ಇಳಿಜಾರಾಗಿ ಗದ್ದದ ಕಡೆ ಜಾರಿದರೆ ಮುಖ ಕೆಳಕ್ಕೆ ಬೆಳೆಯುವ ಮಗು. ಇಂಥ ಮಕ್ಕಳ ಮುಖ ವರ್ಷ ವರ್ಷವೂ ಉದ್ದವಾಗುತ್ತ ಹೋಗುತ್ತದೆ, ತುಟಿ ಮುಚ್ಚುವುದಿಲ್ಲ, ನಕ್ಕರೆ ವಸಡೆಲ್ಲ ಕಾಣುತ್ತದೆ, ಗದ್ದ ಹಿಂದಕ್ಕೆ ಸರಿಯುತ್ತದೆ. ತಂದೆತಾಯಿ ಬರುವುದು ಹಲ್ಲು ಉಬ್ಬಿದೆ ಎಂದು. ಡಾಕ್ಟರು ಹೇಳುವುದು ಒಂದೇ: ‘ಹಲ್ಲಲ್ಲ ಕಣ್ರಿ, ಮುಖ ನೋಡ್ರಿ. ಹಲ್ಲು ಮುದುಕರಿಗೂ ಸರಿ ಮಾಡಬೌದು. ಮುಖ ಬೆಳೆಯೋದು ಒಂದೇ ಸಲ.’

ಇನ್ನೊಂದು ಅವರ ಪದ್ಧತಿ ನೀರಿನದು. ಮಗುವಿನ ಬಾಯಿಗೆ ಒಂದು ಗುಟುಕು ನೀರು ಹಾಕಿ, ನುಂಗದೆ ಎರಡು ನಿಮಿಷ ಹಿಡಿದುಕೊಂಡು ಕೂರಲು ಹೇಳುತ್ತಿದ್ದರು. ಗಡಿಯಾರ ನೋಡುವುದು ನಾನು. ಮೂಗಿನಿಂದ ಉಸಿರಾಡುವ ಮಗು ಕೂರುತ್ತದೆ. ಬಾಯಿಂದ ಉಸಿರಾಡುವ ಮಗು ಅರ್ಧ ನಿಮಿಷಕ್ಕೆ ಕಣ್ಣು ಬಿಟ್ಟು ಒದ್ದಾಡಿ ನೀರನ್ನೆಲ್ಲ ಡಾಕ್ಟರ ಅಂಗಿಗೆ ಉಗುಳುತ್ತದೆ. ಅಂಥವರನ್ನು ಮೊದಲು ಮೂಗಿನ ಡಾಕ್ಟರ ಹತ್ತಿರ ಕಳಿಸುತ್ತಿದ್ದರು. ಸದಾ ಬಾಯಿ ತೆರೆದ ಮಗುವಿನ ದವಡೆ ಕೆಳಕ್ಕೇ ಇಳಿಯುತ್ತದೆ ಎನ್ನುತ್ತಿದ್ದರು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಅಂಗಿಯ ಎದೆಯೆಲ್ಲ ಒದ್ದೆ. ‘ಹವಾಲ್ದಾರ್ರೇ, ಹೊಸದುರ್ಗದಾಗೆ ಇವತ್ತು ನನ್ನ ಮೇಲಷ್ಟೇ ಮಳೆ’ ಎಂದು ನಗುತ್ತಿದ್ದರು.

ಒಳ್ಳೆಯ ಕಣ್ಣು, ಒಳ್ಳೆಯ ಕೈ. ಆದರೆ ಅವರಿಗೆ ಹೊತ್ತಿನ ಪ್ರಜ್ಞೆ ಇರಲಿಲ್ಲ. ಒಂದು ಮಗುವಿನ ಮುಂದೆ ಮುಕ್ಕಾಲು ಗಂಟೆ ಕೂತುಬಿಡುವರು. ಹೊರಗೆ ಜನ ಗೊಣಗುವರು, ಕೊನೆಯ ಬಸ್ಸು ತಪ್ಪುವುದು. ನಾನು ಬಂದು ಮೂರೇ ತಿಂಗಳಲ್ಲಿ ಎಲ್ಲ ಸರಿಪಡಿಸಿದೆ. ಹಾಗೆ ಆಗ ಎಲ್ಲರೂ ಅಂದರು, ನಾನೂ ಅಂದುಕೊಂಡೆ. ತಲೆಗೆ ಏಳು ನಿಮಿಷ. ಪ್ರತಿ ಮಗುವಿಗೂ ಒಂದು ಕಾರ್ಡು. ಎರಡು ತಗಡಿನ ಡಬ್ಬಿ. ಹಸಿರು ಡಬ್ಬಿಯಲ್ಲಿ ಪರೀಕ್ಷೆ ಮುಗಿಯದವರ ಕಾರ್ಡು: ಹಲ್ಲಿನ ಅಚ್ಚು ತೆಗೆಯಬೇಕು, ಮೂಗು ತೋರಿಸಬೇಕು, ಇಡೀ ತಲೆಯನ್ನು ಪಕ್ಕದಿಂದ ತೆಗೆಯುವ ಎಕ್ಸ್‌ರೇ ತರಬೇಕು. ನೀಲಿ ಡಬ್ಬಿಯಲ್ಲಿ ಚಿಕಿತ್ಸೆ ಶುರುವಾದವರ ಕಾರ್ಡು. ಹಸಿರಿನಿಂದ ನೀಲಿಗೆ ಹೋದ ಕಾರ್ಡು ಮತ್ತೆ ಹಸಿರಿಗೆ ಬರುವಂತಿಲ್ಲ. ಪರೀಕ್ಷೆಯ ಅಂಕಣಗಳು ಹಸಿರು ಡಬ್ಬಿಯ ಪಟ್ಟಿಯಲ್ಲಿ ಮಾತ್ರ ಇದ್ದವು. ನೀಲಿ ಡಬ್ಬಿಯ ಪಟ್ಟಿಯಲ್ಲಿ ಅವು ಬೇಕಿಲ್ಲ ಎಂದು ನಾನೇ ತೆಗೆದುಹಾಕಿದ್ದೆ. ಮುಗಿದ ಕೆಲಸವನ್ನು ಮತ್ತೆ ಮತ್ತೆ ನೋಡುವುದು ವ್ಯರ್ಥ ಎಂದು ನನಗೆ ಕಲಿಸಿದ್ದರು.

ಉಬ್ಬಿದ ಮೇಲ್ಸಾಲನ್ನು ಹಿಂದಕ್ಕೆ ತರಲು ಆಗ ಬೆಲ್ಟು ಹಾಕುತ್ತಿದ್ದೆವು. ಹಿಂದಿನ ದವಡೆ ಹಲ್ಲುಗಳಿಗೆ ಸಿಕ್ಕಿಸಿದ ತಂತಿಯ ಬಿಲ್ಲು ಬಾಯಿಂದ ಹೊರಗೆ ಬಂದು ಕೆನ್ನೆಯ ಪಕ್ಕದಲ್ಲಿ ಹೋಗುತ್ತದೆ. ಅದಕ್ಕೆ ಹಿಂದಿನಿಂದ ಬೆಲ್ಟು ಕಟ್ಟಿ ಎಳೆಯುವುದು. ಬೆಲ್ಟು ಎರಡು ತರಹ. ಕತ್ತಿನ ಹಿಂದೆ ಕಟ್ಟುವುದು ಒಂದು. ಅದು ಸುಲಭ, ನಮ್ಮ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ತಲೆಯ ಮೇಲಿಂದ ಟೋಪಿಯ ಹಾಗೆ ಹಾಕುವುದು ಇನ್ನೊಂದು. ಅದನ್ನು ತರಿಸಬೇಕು, ಮಕ್ಕಳು ನಾಚಿ ಹಾಕಿಕೊಳ್ಳುವುದಿಲ್ಲ. ಆದರೆ ಕೆಳಕ್ಕೆ ಬೆಳೆಯುವ ಮುಖಕ್ಕೆ ತಲೆಯ ಬೆಲ್ಟೇ ಆಗಬೇಕು. ಕತ್ತಿನ ಬೆಲ್ಟು ಹಿಂದಿನ ಹಲ್ಲನ್ನು ಹಿಂದಕ್ಕಷ್ಟೇ ಅಲ್ಲ, ಕೆಳಕ್ಕೂ ಎಳೆಯುತ್ತದೆ. ಅದಕ್ಕೇ ಡಾಕ್ಟರ ಕಟ್ಟಪ್ಪಣೆ ಇತ್ತು: ಎಕ್ಸ್‌ರೇ ನೋಡದೆ ಬೆಲ್ಟಿಲ್ಲ.

ದಿನಕ್ಕೆ ಹದಿನಾಲ್ಕು ಗಂಟೆ ಬೆಲ್ಟು ಹಾಕಬೇಕು. ಹಾಕಿದ್ದಾರೋ ಇಲ್ಲವೋ ತಿಳಿಯಲು ನಾನೊಂದು ಹಾಳೆ ಮಾಡಿದ್ದೆ. ಹಾಕಿದ ಒಂದೊಂದು ಗಂಟೆಗೆ ಒಂದೊಂದು ಗೆರೆ. ದಿನದ ಕೊನೆಗೆ ತಾಯಿಯ ಸಹಿ. ತಿಂಗಳ ಕೊನೆಗೆ, ಕೆಳಗೆ, ‘ಪರಿಶೀಲಿಸಿದವರು’ ಎಂಬಲ್ಲಿ ನನ್ನ ಸಹಿ. ಸುಳ್ಳು ಗೆರೆ ಎಳೆಯುವ ಮಕ್ಕಳನ್ನು ಹಿಡಿಯುವುದು ನನಗೆ ಸುಲಭವಿತ್ತು. ಬೆಲ್ಟಿನ ಬಟ್ಟೆ ಹೊಸದರಂತೆ ಬೆಳ್ಳಗಿದ್ದರೆ ಗೆರೆಗಳೆಲ್ಲ ಸುಳ್ಳು. ‘ಲೇ, ಬೆಲ್ಟನ್ನ ಬೀರುವಿನಾಗೆ ಇಟ್ಟಿದ್ಯಾ, ಕತ್ತಿಗೆ ಹಾಕಿದ್ಯಾ?’ ಎಂದರೆ ಅಲ್ಲೇ ಒಪ್ಪಿಕೊಳ್ಳುತ್ತಿದ್ದವು.

ಈಗ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳ ಹೆಸರು ಬರೆಯುವ ಹಕ್ಕು ನನಗಿಲ್ಲ. ಮತ್ತೋಡಿನ ಲೈನ್‌ಮನ್ ಒಬ್ಬರ ಮಗಳು. ಏಳನೆಯ ತರಗತಿ. ಹನ್ನೆರಡು ವರ್ಷ. ಹಲ್ಲು ಉಬ್ಬು ಎಂದು ಶಾಲೆಯಲ್ಲಿ ಆಡಿಕೊಳ್ಳುತ್ತಾರೆಂದು ತಂದೆ ಕರೆತಂದಿದ್ದರು. ಡಾಕ್ಟರು ಎಕ್ಸ್‌ರೇಗೆ ಬರೆದುಕೊಟ್ಟರು. ಅಂಥ ಎಕ್ಸ್‌ರೇಗೆ ಆಗ ದಾವಣಗೆರೆಗೇ ಹೋಗಬೇಕಿತ್ತು. ಮುಂದಿನ ಬುಧವಾರ ಬೆಲ್ಟು ಹಾಕುವುದೆಂದು ನಾನು ಪಟ್ಟಿಯಲ್ಲಿ ಬರೆದೆ.

ಆ ಬುಧವಾರ ತಂದೆ ಮಗಳು ಬರಿಗೈಯಲ್ಲಿ ಬಂದರು. ‘ಹೋಗಿದ್ವಿ ಡಾಕ್ಟ್ರೇ. ಮಿಷನ್ನು ಕೆಟ್ಟೈತೆ, ಹದಿನೈದು ದಿನ ಬಿಟ್ಟು ಬರ್ರಿ ಅಂದ್ರು.’

ತಂದೆಯನ್ನು ಹೊರಗೆ ಕೂರಿಸಿ ಡಾಕ್ಟರು ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿದರು. ಕನ್ನಡಿಯ ಹಿಡಿಯನ್ನು ದವಡೆಗೆ ಹಿಡಿದರು. ತಲೆ ಓರೆ ಮಾಡಿ ನೋಡಿದರು. ‘ಇಳಿಜಾರು ಜಾಸ್ತಿ ಐತೆ ಅನ್ನಿಸ್ತದೆ ಹವಾಲ್ದಾರ್ರೇ. ಎಕ್ಸ್‌ರೇ ಬರ್ಲಿ. ಬರೋ ತಿಂಗಳು ನೋಡಾಣ.’

ಹೊರಗೆ ಇನ್ನೂ ಇಪ್ಪತ್ತು ಮಕ್ಕಳಿದ್ದರು. ನಾನು ಪಟ್ಟಿ ತೋರಿಸಿದೆ. ‘ಸಾರ್, ಪಟ್ಟಿಯಲ್ಲಿ ಇವತ್ತು ಬೆಲ್ಟು ಅಂತ ಐತೆ. ಇವರು ರಜ ಹಾಕಿ ಬಂದಿದಾರೆ. ಬಂದ ದಿನ ಕೆಲಸ ಮಾಡದೆ ಕಳಿಸಿದ್ರೆ ಇವರು ಮತ್ತೆ ಬರಲ್ಲ. ಎಷ್ಟು ಜನ ಹಂಗೆ ಬಿಟ್ಟು ಹೋಗಿದಾರೆ ಅಂತ ನಿಮಗೇ ಗೊತ್ತು.’

ಅದು ಸುಳ್ಳಲ್ಲ. ಒಂದು ಸಲ ಬರಿಗೈಯಲ್ಲಿ ಹೋದವರು ಮರಳಿ ಬರುತ್ತಿದ್ದದ್ದು ಕಡಿಮೆ. ಡಾಕ್ಟರು ಯೋಚಿಸಿದರು. ನಾನು ಗಡಿಯಾರ ನೋಡಿದೆ, ಅವರಿಗೆ ಕಾಣುವ ಹಾಗೆ ನೋಡಿದೆ.

‘ಆತು. ಸದ್ಯಕ್ಕೆ ಕತ್ತಿಂದೇ ಹಾಕಾಣ. ಬರೋ ತಿಂಗಳು ಎಕ್ಸ್‌ರೇ ನೆನಪು ಮಾಡ್ರಿ.’

‘ಮಾಡ್ತೀನಿ ಸಾರ್’ ಎಂದೆ. ಬೆಲ್ಟು ಕಟ್ಟಿದವನು ನಾನೇ. ಅವಳಿಗೆ ಹಾಳೆ ಕೊಟ್ಟೆ, ಗೆರೆ ಎಳೆಯುವ ಕ್ರಮ ಹೇಳಿಕೊಟ್ಟೆ. ಚಿಕಿತ್ಸೆ ಶುರುವಾಯಿತಲ್ಲ, ಕಾರ್ಡನ್ನು ಹಸಿರು ಡಬ್ಬಿಯಿಂದ ತೆಗೆದು ನೀಲಿ ಡಬ್ಬಿಗೆ ಹಾಕಿದೆ. ನೀಲಿ ಡಬ್ಬಿಯ ಪಟ್ಟಿಯಲ್ಲಿ ಎಕ್ಸ್‌ರೇ ಎಂಬ ಅಂಕಣವೇ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ನೆನಪಿಡುವ ಅಭ್ಯಾಸ ನನಗೆ ಯಾವತ್ತೂ ಇರಲಿಲ್ಲ. ನಾನು ನೆನಪು ಮಾಡಲಿಲ್ಲ.

ಅಂಥ ವಿಧೇಯ ಮಗುವನ್ನು ನಾನು ನೋಡಿಯೇ ಇಲ್ಲ. ದಿನಕ್ಕೆ ಹದಿನಾಲ್ಕು ಗೆರೆ, ಒಂದೂ ಕಡಿಮೆಯಿಲ್ಲ. ಜ್ವರ ಬಂದ ಒಂದು ದಿನ ಮಾತ್ರ ಒಂಬತ್ತು ಗೆರೆ ಎಳೆದು ಪಕ್ಕದಲ್ಲಿ ‘ಜ್ವರ’ ಎಂದು ಬರೆದಿದ್ದಳು. ಬೆಲ್ಟಿನ ಬಟ್ಟೆ ಒಗೆದು ಒಗೆದು ಅಂಚು ಎದ್ದಿತ್ತು. ಅವಳ ಹಾಳೆಯನ್ನು ನಾನು ಬೇರೆ ತಂದೆತಾಯಿಯರಿಗೆ ತೋರಿಸಿ, ‘ನೋಡ್ರಿ, ಹಿಂಗಿರ್ಬೇಕು’ ಎನ್ನುತ್ತಿದ್ದೆ. ಐದನೆಯ ತಿಂಗಳು ಒಂದು ಪೆನ್ನು ಬಹುಮಾನ ಕೊಟ್ಟೆ. ಮುಂದಿನ ಗೆರೆಗಳನ್ನೆಲ್ಲ ಅವಳು ಅದೇ ಪೆನ್ನಿನಲ್ಲಿ ಎಳೆದಳು.

ಮುಖ ಒಂದು ದಿನದಲ್ಲಿ ಉದ್ದವಾಗುವುದಿಲ್ಲ. ಏಳು ನಿಮಿಷದಲ್ಲಿ ಕಾಣುವುದೂ ಇಲ್ಲ. ಮೇಲ್ಸಾಲು ಹಿಂದಕ್ಕೆ ಬರುತ್ತಿತ್ತು. ಅದನ್ನು ನೋಡಿ ಎಲ್ಲರಿಗೂ ಸಂತೋಷ. ಹತ್ತನೆಯ ತಿಂಗಳು ಲೈನ್‌ಮನ್ ಬಾಗಿಲಲ್ಲಿ ನಿಂತು ನಗುತ್ತ ಹೇಳಿದರು: ‘ಡಾಕ್ಟ್ರೇ, ನಮ್ಮ ಹುಡುಗಿ ಮೆಣಸಿನಕಾಯಿ ಬಜ್ಜೀನ ಮುಂದಿನ ಹಲ್ಲಾಗೆ ಕಚ್ಚಾಕೇ ಒಲ್ಲೆ ಅಂತಾಳೆ. ಮಂಡಕ್ಕಿ ಜೊತೆ ಬಜ್ಜೀನ ಕೈಯಾಗೆ ಮುರ್ಕಂಡು ತಿಂತಾಳೆ. ಪ್ಯಾಟೆ ಹುಡುಗೀರಂಗೆ ನಾಜೂಕು ಕಲ್ತಾಳೆ.’

ಡಾಕ್ಟರ ಕೈಯಲ್ಲಿದ್ದ ಇಕ್ಕಳ ತಟ್ಟೆಗೆ ಬಿತ್ತು. ‘ಹಲ್ಲು ಕಚ್ಚಿ ಹಿಡಿಯವ್ವ’ ಎಂದರು. ಅವಳು ಹಿಂದಿನ ಹಲ್ಲು ಕಚ್ಚಿ ಹಿಡಿದಳು. ಮುಂದಿನ ಹಲ್ಲುಗಳ ನಡುವೆ ಒಂದು ಸಂದು. ಡಾಕ್ಟರ ಕಿರುಬೆರಳಿನ ತುದಿ ಅದರಲ್ಲಿ ಹೋಗುತ್ತಿತ್ತು. ಅವರು ನನ್ನ ಕಡೆ ತಿರುಗಿದರು.

‘ಎಕ್ಸ್‌ರೇ ಎಲ್ಲಿ ಹವಾಲ್ದಾರ್ರೇ?’

ನಾನು ಕಾರ್ಡು ತೆಗೆದೆ. ತಿರುಗಿಸಿದೆ. ಮತ್ತೆ ತಿರುಗಿಸಿದೆ. ಅವರು ನನ್ನ ಕೈಯಿಂದ ಕಾರ್ಡು ತೆಗೆದುಕೊಂಡರು.

ಮರುದಿನವೇ ತಾವೇ ದಾವಣಗೆರೆಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದರು. ಹೊಳಲ್ಕೆರೆಯ ಕೊಠಡಿಗೆ ಆವತ್ತು ಬೀಗ. ನಾನು ಬಂದ ಮೇಲೆ ಒಂದು ಗುರುವಾರ ತಪ್ಪಿದ್ದು ಅದೇ ಮೊದಲು. ಎಕ್ಸ್‌ರೇ ಫಿಲಮ್ಮನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನಿಂತಿದ್ದರು. ನಾನೇ ಮಾತು ಶುರು ಮಾಡಿದೆ.

‘ಸಾರ್, ಬೆಳವಣಿಗೆ ಅಂತ ಹೇಳ್ರಿ. ಇಂಥ ಮುಖ ಹೆಂಗಾದ್ರೂ ಉದ್ದ ಆಗೋದೇ. ಬೆಲ್ಟಿಂದ ಎಷ್ಟಾತು, ತಾನಾಗಿ ಎಷ್ಟಾತು ಅಂತ ಯಾರು ಅಳೀತಾರೆ? ನೀವು ಬಾಯಿ ಬಿಟ್ರೆ ಮೂರು ತಾಲ್ಲೂಕಿನಾಗೆ ಒಂದು ಮಗೂನೂ ಬರಲ್ಲ.’

ಡಾಕ್ಟರು ಹುಡುಗಿಯ ಹಾಳೆಗಳನ್ನು ಕೈಗೆತ್ತಿಕೊಂಡರು. ‘ಹತ್ತು ತಿಂಗಳು, ದಿನಾ ಹದ್ನಾಲ್ಕು ಗೆರೆ ಎಳ್ದೈತೆ ಈ ಮಗು. ಸುಳ್ಳು ಗೆರೆ ಒಂದೂ ಇಲ್ಲ. ಇದಕ್ಕೆ ನಾವು ಸುಳ್ಳು ಹೇಳಾಣ ಅಂತೀರಾ?’

ಬೆಲ್ಟನ್ನು ಬೀರುವಿನಲ್ಲಿಟ್ಟು ಸುಳ್ಳು ಗೆರೆ ಎಳೆದಿದ್ದರೆ ಅವಳ ಮುಖ ಉಳಿಯುತ್ತಿತ್ತು. ಕಳ್ಳಾಟ ಆಡಿದ ಮಕ್ಕಳನ್ನೆಲ್ಲ ನಾನು ಹಿಡಿದು ಬೈದಿದ್ದೆ. ಕೆಟ್ಟದ್ದಾದದ್ದು ನನ್ನ ಮಾತು ಕೇಳಿದ ಮಗುವಿಗೆ.

ಭಾನುವಾರ ಮತ್ತೋಡಿಗೆ ಹೋದೆವು. ಹೆಂಚಿನ ಮನೆ, ಮುಂದೆ ಒಂದು ಜಗಲಿ. ಲೈನ್‌ಮನ್ ಎದ್ದು ನಿಂತರು. ‘ಬರ್ರಿ ಬರ್ರಿ, ಕುಂತ್ಕಳ್ರಿ. ಡಾಕ್ಟ್ರು ಮನೀತಂಕ ಬಂದೀರಿ, ಏನ್ ಪುಣ್ಯ ನಮ್ದು.’ ಅವರ ತಾಯಿ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದರು. ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಹೊತ್ತು ಹನ್ನೊಂದು, ಅವಳ ಗೆರೆಯ ಹೊತ್ತು. ಡಾಕ್ಟರು ಬೆಲ್ಟು ಬಿಡಿಸಿರೆಂದು ಬುಧವಾರವೇ ಹೇಳಿದ್ದರಿಂದ ಕತ್ತು ಬರಿದಾಗಿತ್ತು. ಕೈ ಮಾತ್ರ ಮತ್ತೆ ಮತ್ತೆ ಕತ್ತಿನ ಹಿಂದಕ್ಕೆ ಹೋಗುತ್ತಿತ್ತು.

ಡಾಕ್ಟರು ಅಜ್ಜಿಯ ಕೈಯಿಂದ ಅಡಕತ್ತರಿ ಕೇಳಿ ತೆಗೆದುಕೊಂಡರು. ಪೂರ್ತಿ ಮುಚ್ಚಿ ತೋರಿಸಿದರು. ‘ಇದು ದವಡೆ ಅಂದ್ಕಳ್ರಿ.’ ಆಮೇಲೆ ಕೀಲಿನ ಹತ್ತಿರ, ತೀರಾ ಒಳಗೆ, ಒಂದು ಸಣ್ಣ ಅಡಿಕೆ ಚೂರಿಟ್ಟು ಮುಚ್ಚಿದರು. ಕೀಲಿನ ಬಳಿ ಚೂರು ಇದ್ದದ್ದು ಜೋಳದ ಕಾಳಿನಷ್ಟು. ತುದಿಯಲ್ಲಿ ಅಡಕತ್ತರಿ ಬೆರಳು ತೂರುವಷ್ಟು ಬಾಯಿ ಬಿಟ್ಟುಕೊಂಡಿತ್ತು.

‘ನಾನು ಹಾಕಿದ ಬೆಲ್ಟು ಹಿಂದಿನ ಹಲ್ಲನ್ನ ಇಷ್ಟು ಕೆಳಕ್ಕೆ ಎಳೀತು. ಅದಕ್ಕೆ ಮುಂದೆ ಇಷ್ಟು ತೆರಕಂಡೈತೆ. ಗದ್ದ ಹಿಂದಕ್ಕೆ ಹೋಗೈತೆ, ಮುಖ ಉದ್ದ ಆಗೈತೆ. ಇವಳಿಗೆ ಹಾಕ್ಬೇಕಿದ್ದು ತಲೆ ಬೆಲ್ಟು. ಎಕ್ಸ್‌ರೇ ನೋಡಿದ್ರೆ ಗೊತ್ತಾಗ್ತಿತ್ತು. ನೋಡದೇ ಹಾಕ್ದೆ. ತಪ್ಪು ನನ್ನದು.’

ನಾನು ಚೀಲ ಹಿಡಿದುಕೊಂಡು ಕಂಬದ ಪಕ್ಕ ನಿಂತಿದ್ದೆ.

ಲೈನ್‌ಮನ್ ಅಡಕತ್ತರಿ ತೆಗೆದುಕೊಂಡು ತಾಯಿಯ ಕೈಗೆ ಕೊಟ್ಟರು. ಆಮೇಲೆ ತಣ್ಣಗೆ ಕೇಳಿದರು: ‘ಡಾಕ್ಟ್ರೇ, ನಾನು ಕಂಬ ಹತ್ತೋಕ್ ಮುಂಚೆ ಲೈನ್ ಆಫ್ ಮಾಡೀರಾ ಅಂತ ಮೂರು ಸಲ ಕೇಳ್ತೀನಿ. ಮಾಡೀನಿ ಅಂದ್ರೂ ಮತ್ತೆ ಕೇಳ್ತೀನಿ. ನೀವು ಒಂದ್ಸಲನೂ ಕೇಳ್ಲಿಲ್ವಾ?’

ಡಾಕ್ಟರು ಕೇಳಿದ್ದರು. ನೆನಪು ಮಾಡ್ರಿ ಎಂದು ನನಗೇ ಹೇಳಿದ್ದರು. ಆ ಮಾತು ಅವರು ಆಡಬಹುದಿತ್ತು, ಆಡಿದ್ದರೆ ಅದು ನಿಜವೇ ಆಗಿರುತ್ತಿತ್ತು. ನಾನು ಕಾದೆ. ನನ್ನ ಕಡೆ ಅವರು ತಿರುಗಿಯೂ ನೋಡಲಿಲ್ಲ.

‘ಇಲ್ಲ’ ಎಂದರು. ‘ಕೇಳ್ಲಿಲ್ಲ.’

ಆಗ ಹುಡುಗಿ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ‘ನಾನು ಸರಿಯಾಗೇ ಹಾಕ್ಕಂಡಿದ್ದೆ ಅಂಕಲ್’ ಎಂದಳು. ಹೇಳಿದ್ದು ಡಾಕ್ಟರಿಗಲ್ಲ, ನನಗೆ. ‘ಜ್ವರ ಬಂದಾಗ ಒಂದಿನ ಕಮ್ಮಿ ಆಗಿದ್ದು. ಅದ್ಕೇ ಹಿಂಗಾತಾ?’

ಹದಿನೇಳು ವರ್ಷ ಸೈನ್ಯದಲ್ಲಿದ್ದವನು ನಾನು. ಒಂದು ಹೆಜ್ಜೆ ಮುಂದಿಟ್ಟು ಮಾತಾಡಬೇಕಾದಾಗ ನಿಂತಲ್ಲೇ ನಿಂತಿದ್ದೆ. ‘ಇಲ್ಲವ್ವ, ನಿಂದೇನೂ ತಪ್ಪಿಲ್ಲ’ ಎಂದವರು ಡಾಕ್ಟರು.

ಬಸ್ ನಿಲ್ದಾಣದವರೆಗೆ ನಡೆದೆವು. ದಾರಿಯಲ್ಲಿ ಅವರು ಬೈಯುತ್ತಾರೆ ಎಂದು ಕಾದೆ. ಬೈದರೆ ಸಾಕು ಎಂದುಕೊಂಡೆ. ‘ಬಸ್ ಎಷ್ಟೊತ್ತಿಗೆ ಹವಾಲ್ದಾರ್ರೇ?’ ಎಂದರು. ಒಂದೂ ಹತ್ತಕ್ಕೆ ಎಂದೆ. ಅಷ್ಟೇ. ಆಮೇಲೆ ಅವರು ಬದುಕಿದ್ದಷ್ಟು ವರ್ಷವೂ ಆ ವಿಷಯ ನನ್ನೆದುರು ಎತ್ತಲಿಲ್ಲ. ಅದಕ್ಕಾಗಿ ನಾನು ಅವರನ್ನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ. ಒಂದು ಸಲ ಕಾರ್ಡನ್ನು ನನ್ನ ಮುಖಕ್ಕೆ ಎಸೆದಿದ್ದರೆ ನಾನೂ ಬಾಯಿ ಬಿಡುತ್ತಿದ್ದೆನೇನೋ. ಅವರ ಸೌಜನ್ಯವೇ ನನ್ನ ಬಾಯಿಗೆ ಬೀಗವಾಯಿತು. ಹೀಗೆ ಹೇಳುವುದು ಹೇಡಿತನ ಎಂದು ನನಗೆ ಗೊತ್ತು.

ನಾನು ಹೇಳಿದಂತೆಯೇ ಆಯಿತು. ತಿಂಗಳೊಳಗೆ ಸುದ್ದಿ ಹೊಸದುರ್ಗದ ಹೋಟೆಲುಗಳಲ್ಲಿತ್ತು. ‘ಆ ಡಾಕ್ಟ್ರೇ ಮನೀಗೆ ಬಂದು ಒಪ್ಕಂಡ್ನಂತೆ, ಇನ್ನೇನ್ ಬೇಕು?’ ತಪ್ಪು ಮಾಡಿ ಮುಚ್ಚಿಟ್ಟವರ ಹತ್ತಿರ ಜನ ಹೋದರು, ಹೇಳಿಕೊಂಡವರನ್ನು ಬಿಟ್ಟರು. ಎದುರಿನ ‘ಆರೇ ತಿಂಗಳಲ್ಲಿ ಸಾಲು ಹಲ್ಲು’ ಬೋರ್ಡಿಗೆ ದೀಪ ಬಂತು. ಆ ಮನುಷ್ಯ ಕೆಳಕ್ಕೆ ಬೆಳೆಯುವ ಮುಖ, ಮುಂದಕ್ಕೆ ಬೆಳೆಯುವ ಮುಖ ಎಂದು ಯಾವ ವ್ಯತ್ಯಾಸವನ್ನೂ ಮಾಡದೆ ಎಲ್ಲರಿಗೂ ಒಂದೇ ಕ್ಲಿಪ್ಪು ಹಾಕಿದ. ಹಲ್ಲು ಸಾಲಾದವು. ಮುಖ ಏನಾಯಿತು ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮೊದಲು ಹೊಸದುರ್ಗದ ಕೊಠಡಿ ಬಿಟ್ಟೆವು, ಆಮೇಲೆ ಹೊಳಲ್ಕೆರೆ, ಆಮೇಲೆ ಹಿರಿಯೂರು. ಕೊನೆಗೆ ಉಳಿದದ್ದು ದುರ್ಗದ ಒಂದು ಕುರ್ಚಿ.

ಲೈನ್‌ಮನ್ ಮಾತ್ರ ಮಗಳನ್ನು ಕರೆತರುವುದು ಬಿಡಲಿಲ್ಲ. ಎಲ್ಲರೂ ಬೇಡ ಅಂದರೂ ದುರ್ಗಕ್ಕೇ ತಂದರು. ‘ಹೇಳ್ದೋರ ಹತ್ರ ಅಲ್ಲದೆ ಹೇಳ್ದೆ ಇದ್ದೋರ ಹತ್ರ ಹೋಗ್ಲಾ?’ ಎಂದರಂತೆ ಯಾರಿಗೋ. ಡಾಕ್ಟರು ತಲೆಯ ಬೆಲ್ಟು ಹಾಕಿದರು. ಹುಡುಗಿ ಅದನ್ನೂ ಹದಿನಾಲ್ಕು ಗಂಟೆ ಹಾಕಿದಳು. ಆದರೆ ಅವಳು ಬೆಳೆಯುವ ಹೊತ್ತು ಮುಗಿಯುತ್ತ ಬಂದಿತ್ತು. ಸಂದು ಸ್ವಲ್ಪ ಮುಚ್ಚಿತು. ಮುಖ ಉದ್ದವಾದದ್ದು ಹಿಂದಕ್ಕೆ ಬರಲಿಲ್ಲ. ಇನ್ನು ಮಿಕ್ಕದ್ದು ಪೂರ್ತಿ ಬೆಳೆದ ಮೇಲೆ ದವಡೆಯ ಮೂಳೆ ಕತ್ತರಿಸಿ ಕೂರಿಸುವ ಶಸ್ತ್ರಚಿಕಿತ್ಸೆ ಎಂದರು.

ಅವಳ ಹಲ್ಲಿನ ಮೊದಲ ಅಚ್ಚನ್ನು ಡಾಕ್ಟರು ಕೈ ತೊಳೆಯುವ ಬೇಸಿನ್ನಿನ ಮೇಲೆ ಇಟ್ಟುಕೊಂಡಿದ್ದರು. ಒಂದು ಮಗುವನ್ನು ನೋಡುವ ಮುಂಚೆ ಕೈ ತೊಳೆಯಬೇಕು, ತೊಳೆಯುವಾಗ ಅದನ್ನು ನೋಡಬೇಕು. ಕಾರ್ಡಿನ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ತಾವೇ ‘ಎಕ್ಸ್‌ರೇ ಎಲ್ಲಿ?’ ಎಂದು ಬರೆಯುವುದು ರೂಢಿ ಮಾಡಿಕೊಂಡರು. ನಾನು ಆ ಎರಡು ಡಬ್ಬಿಗಳನ್ನು ಒಂದು ಮಾಡಿದೆ. ಅವರು ಗಮನಿಸಿದರು.

ಸಭೆಯಾದ ಮರುವಾರ ಡಾಕ್ಟರ ಮನೆಯವರು ಕ್ಲಿನಿಕ್ ಖಾಲಿ ಮಾಡಿಕೊಡಲು ಹೇಳಿದರು. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಅಚ್ಚುಗಳನ್ನೆಲ್ಲ ಊರಿನ ಪ್ರಕಾರ ಜೋಡಿಸುತ್ತಿದ್ದೆ. ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಉದ್ದ ಮುಖ, ಮುಚ್ಚದ ತುಟಿ. ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. ಈಗ ಅವಳು ಶ್ರೀರಾಂಪುರದ ಪ್ರೌಢಶಾಲೆಯಲ್ಲಿ ಗಣಿತದ ಟೀಚರು.

‘ಕುಂತ್ಕಳಮ್ಮ’ ಎಂದೆ. ಕೂತಳು. ಅದೇ ಕುರ್ಚಿಯಲ್ಲಿ, ಬೇರೆ ಇರಲಿಲ್ಲ. ದುರ್ಗದ ಹಳೆಯದು ಕೆಟ್ಟ ಮೇಲೆ ಹೊಸದುರ್ಗದಿಂದ ತಂದದ್ದು ಅದು.

‘ಮಕ್ಕಳು ಹೆಂಗಮ್ಮ ನಿನ್ನ ಕ್ಲಾಸಲ್ಲಿ?’ ಬೇರೇನು ಕೇಳಬೇಕೋ ತೋಚಲಿಲ್ಲ.

‘ಮೊದಲ್ನೇ ದಿನಾನೇ ಒಬ್ಬ ಹಿಂದಿನ ಬೆಂಚಿನಾಗೆ ಕುದುರೆ ಅಂದ. ಬೋರ್ಡ್ ಮೇಲೆ ಒಂದು ಕುದುರೆ ಬರ್ದು, ಬಾರಪ್ಪ, ಬಾಲ ನೀನು ಬರಿ ಅಂದೆ. ಬರೀಲಿಲ್ಲ. ಈಗ ಅವನೇ ನನ್ನ ಕ್ಲಾಸ್ ಲೀಡ್ರು.’ ನಕ್ಕಳು. ನಗುವಾಗ ಅಂಗೈ ಬಾಯಿಗೆ ಅಡ್ಡ ಬಂತು.

‘ಆಪರೇಷನ್ನು?’

‘ಬೆಂಗ್ಳೂರಿಗೆ ಹೋಗಿದ್ವಿ. ಎರಡೂ ದವಡೆ ಕತ್ತರಿಸಿ ಕೂರಿಸ್ತೀವಿ ಅಂದ್ರು. ಯಾವತ್ತು ಏನು ಅಂತ ದಿನಾಂಕ ಹಾಕಿ ಒಂದು ಪಟ್ಟಿ ಕೊಟ್ರು. ಪಟ್ಟಿ ನೋಡ್ದೆ. ಎದ್ದು ಬಂದೆ.’

ಆಗ ಹೇಳಿದೆ. ಇಷ್ಟು ವರ್ಷದ ಮೇಲೆ, ಡಾಕ್ಟರು ಸತ್ತು ಮೂರು ವಾರದ ಮೇಲೆ. ಆ ಬುಧವಾರ ಡಾಕ್ಟರು ಬೇಡ ಅಂದಿದ್ದರು, ಪಟ್ಟಿ ತೋರಿಸಿ ಒತ್ತಾಯ ಮಾಡಿದವನು ನಾನು. ಎಕ್ಸ್‌ರೇ ನೆನಪು ಮಾಡು ಅಂದಿದ್ದರು, ಮಾಡದವನು ನಾನು. ಕ್ರಮವಾಗಿ, ಒಂದಾದ ಮೇಲೊಂದು ಹೇಳಿದೆ.

ಅವಳು ನನ್ನ ಮುಖ ನೋಡುತ್ತ ಕೇಳಿದಳು. ‘ಗೊತ್ತು’ ಎಂದಳು.

‘ಡಾಕ್ಟರು ಹೇಳಿದ್ರಾ?’

‘ಅವರ್ಯಾಕೆ ಹೇಳ್ತಾರೆ? ನಾನು ಈ ಕುರ್ಚಿ ಮೇಲೇ ಕುಂತಿದ್ನಲ್ಲ ಅಂಕಲ್. ನೀವಿಬ್ರೂ ನನ್ನ ತಲೆ ಮ್ಯಾಲೆ ಮಾತಾಡಿದ್ರಿ. ಬಾಯಿ ತೆರಕಂಡಿದ್ದೆ, ಕಿವಿ ಮುಚ್ಕಂಡಿರ್ಲಿಲ್ಲ. ಅವತ್ತು ನಮ್ಮನೀಗೆ ಬಂದಾಗ ನೀವು ಹೇಳ್ತೀರ ಅಂತ ಕಾದೆ. ಅದ್ಕೇ ನಿಮ್ಮನ್ನೇ ಕೇಳಿದ್ದು.’

ಕೈಯಲ್ಲಿದ್ದ ಅಚ್ಚನ್ನು ಅದರ ಸಾಲಿಗೆ ಇಟ್ಟೆ.

‘ಅಪ್ಪಂಗೂ ಹೇಳ್ಲಿಲ್ಲ ನಾನು. ಡಾಕ್ಟ್ರೇ ಮುಚ್ಚಿಟ್ಟಿದಾರೆ, ನಾನ್ಯಾಕೆ ಬಿಚ್ಚಿಡ್ಲಿ ಅನ್ಕಂಡೆ. ಡಾಕ್ಟ್ರು ಇದ್ದಾಗ ಹೇಳ್ಬೇಕಿತ್ತು ನೀವು. ಈಗ ಹೇಳಿದ್ರೆ ಯಾರಿಗೆ ಬಂತು?’

ಬೇಸಿನ್ನಿನ ಮೇಲಿನ ಅಚ್ಚನ್ನು ತೆಗೆದು ಕೊಟ್ಟೆ. ಅದಕ್ಕಾಗಿಯೇ ಬಂದಿದ್ದಳು. ಸೆರಗಿನಿಂದ ಧೂಳು ಒರೆಸಿ ಚೀಲಕ್ಕೆ ಹಾಕಿಕೊಂಡಳು. ಹತ್ತು ತಿಂಗಳ ಹಾಳೆಗಳನ್ನೂ ಮುಂದಿಟ್ಟೆ. ಒಂದೊಂದಾಗಿ ತಿರುವಿ ನೋಡಿದಳು, ಮಕ್ಕಳ ನೋಟ್‌ಬುಕ್ಕು ತಿದ್ದುವ ಟೀಚರ ಹಾಗೆ. ಕೆಳಗಿನ ಮೂಲೆಗೆ ಬಂದಾಗ ಪ್ರತಿ ಹಾಳೆಯಲ್ಲೂ ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಅಂಚು ಸರಿ ಮಾಡಿ, ನಾನು ಜೋಡಿಸುವ ಹಾಗೆಯೇ ಜೋಡಿಸಿ, ನನ್ನ ಕಡೆ ಸರಿಸಿದಳು.

‘ಇವು ನಂದಲ್ಲ ಅಂಕಲ್. ನಿಮ್ದು. ಇಟ್ಕಳ್ರಿ.’

ಹೋದಳು. ಗೆರೆಗಳು ಅವಳವು. ಹತ್ತು ಹಾಳೆಯಲ್ಲಿ ಡಾಕ್ಟರ ಸಹಿ ಒಂದೂ ಇಲ್ಲ. ‘ಪರಿಶೀಲಿಸಿದವರು’ ಎಂಬಲ್ಲಿ, ಹತ್ತರಲ್ಲೂ, ಒಂದಿಷ್ಟೂ ಅಲುಗದ ಅಕ್ಷರದಲ್ಲಿ, ನನ್ನ ಹೆಸರಿದೆ.